ಹೊಳೆ ತುಂಬಿದಾಗ ಕರೆಂಟ್ ಯಾಕೆ ಕಡಿಮೆ?

ತುಂಗಭದ್ರೆಯ ಮೇಲಿನ ಒಂದು ಸಣ್ಣ ಜಲವಿದ್ಯುತ್ ಯೋಜನೆಗೆ ಯಾವ ಟರ್ಬೈನ್ (ನೀರಿನ ರಭಸಕ್ಕೆ ತಿರುಗುವ ಚಕ್ರ) ಹಾಕಬೇಕು ಅಂತ ಹೇಳುವ ಕೆಲಸ ಹುಬ್ಬಳ್ಳಿಯ ನಮ್ಮ ಆಫೀಸಿಗೆ ಬಂದಿತ್ತು. ಹೆಡ್, ಅಂದರೆ ಮೇಲಿನ ನೀರಿಗೂ ಕೆಳಗಿನ ನೀರಿಗೂ ಇರುವ ಎತ್ತರದ ವ್ಯತ್ಯಾಸ, ಬರೀ 6 ಮೀಟರ್. ಶರಾವತಿಯಲ್ಲಿ ನೀರು ನೂರಾರು ಮೀಟರ್ ಇಳಿಯುತ್ತದೆ, ಅಲ್ಲಿಗೆ ಪೆಲ್ಟನ್ ಎನ್ನುವ ಟರ್ಬೈನ್ ಸರಿ. ಕಾಳಿ ನದಿಯ ನಾಗಝರಿಯಲ್ಲಿ ಫ್ರಾನ್ಸಿಸ್ ಎನ್ನುವ ಇನ್ನೊಂದು ಬಗೆಯದು ಇದೆ. ನಮ್ಮದು ಆಲಮಟ್ಟಿಯ ಹಾಗೆ, ಕಡಿಮೆ ಹೆಡ್‌ಗೆ ಹೊಂದುವ ಕಪ್ಲಾನ್ ಜಾತಿಯದ್ದೇ ಆಗಬೇಕಿತ್ತು.

ಚರ್ಚೆ ನಡೆದಿದ್ದು ರೆಕ್ಕೆಗಳ ಬಗ್ಗೆ. ನೀರಿಗೆ ತಕ್ಕಂತೆ ರೆಕ್ಕೆಯ ಓರೆ ಬದಲಿಸುವ ಕಪ್ಲಾನ್ ಬೇಕಾ, ರೆಕ್ಕೆ ಅಲುಗದ ಪ್ರೊಪೆಲ್ಲರ್ ಸಾಕಾ? ಪ್ರೊಪೆಲ್ಲರ್ ಅಗ್ಗ. ದುಡ್ಡು ಹಾಕುವವರಿಗೆ ಅದೇ ಇಷ್ಟ. ಸೆಕೆಂಡಿಗೆ 20 ಘನ ಮೀಟರ್ ನೀರು, 6 ಮೀಟರ್ ಹೆಡ್, ಶೇ. 85 ದಕ್ಷತೆ, ಎಲ್ಲವನ್ನೂ ಗುರುತ್ವದ ಅಂಕಿ 9.81ರ ಜೊತೆ ಗುಣಿಸಿದರೆ ಸುಮಾರು 1,000 ಕಿಲೋವ್ಯಾಟ್. ಆದರೆ ಇದು ಒಂದು ದಿನದ ಲೆಕ್ಕ. ಹೊಳೆ ವರ್ಷವಿಡೀ ಹಾಗೇ ಇರುತ್ತದಾ?

ಜಾಗ ನೋಡಲು ಮುಂಡರಗಿ ಕಡೆಯಿಂದ ದಂಡೆಗೆ ಇಳಿದೆವು. ಜಾಲಿ ಗಿಡದ ಟೊಂಗೆಯಲ್ಲಿ, ನನ್ನ ಕೈಗೆ ಎಟುಕದಷ್ಟು ಮೇಲೆ, ಒಣ ಹುಲ್ಲು ಮತ್ತು ಹರಿದ ಗೊಬ್ಬರದ ಚೀಲ ಸಿಕ್ಕಿಕೊಂಡಿದ್ದವು. ಕಳೆದ ಮಳೆಗಾಲದ ಗುರುತು. ಪಕ್ಕದ ಹೊಲದ ಹಿರಿಯರನ್ನು ಕೇಳಿದೆ.

"ಕಾಕಾ, ನೀರು ಇಲ್ಲೀತನಕ ಬರ್ತದೇನ್ರಿ?"

"ಬರ್ತದ ತಮ್ಮಾ. ಹೊಳಿ ಬಂತಂದ್ರ ಒಡ್ಡಿನ ಮ್ಯಾಲಿನ ನೀರು, ಕೆಳಗಿನ ನೀರು ಒಂದ ಆಗಿಬಿಡ್ತಾವ. ಒಡ್ಡು ಎಲ್ಲೈತಿ ಅಂತ ಗೊತ್ತಾಗಂಗಿಲ್ಲ."

ನಮಗೆ ಬೇಕಾಗಿದ್ದ ಮಾತು ಅದೇ. ಪ್ರವಾಹದಲ್ಲಿ ಕೆಳಗಿನ ನೀರು ಏರಿದರೆ ಹೆಡ್ ಕುಸಿಯುತ್ತದೆ. ಹೆಡ್ ಅರ್ಧವಾದರೆ ಅದೇ ಟರ್ಬೈನಿನಲ್ಲಿ ಹಾಯುವ ನೀರೂ ಕಡಿಮೆಯಾಗಿ, ಕರೆಂಟ್ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೊಳೆ ತುಂಬಿ ಹರಿಯುವಾಗಲೇ ಮಷಿನ್ ಸೊರಗುವುದು! ಬೇಸಿಗೆಯಲ್ಲಿ ಇದಕ್ಕೆ ಉಲ್ಟಾ. ಹೆಡ್ ಇರುತ್ತದೆ, ನೀರೇ ಇರಲ್ಲ. ಈ ಎರಡೂ ಹೊತ್ತಿಗೆ ರೆಕ್ಕೆ ಅಲುಗದ ಟರ್ಬೈನ್ ಬಹಳ ನೀರು ಪೋಲು ಮಾಡುತ್ತದೆ. ಅದು ಚೆನ್ನಾಗಿ ಓಡುವುದು ತನಗೆ ಗೊತ್ತುಮಾಡಿದ ಹರಿವು, ಹೆಡ್‌ನ ಆಸುಪಾಸಿನಲ್ಲಿ ಮಾತ್ರ.

ಅದಕ್ಕೇ ನಾವು ಒಂದು ದೊಡ್ಡ ಮಷಿನ್ ಬದಲು ಎರಡು ಸಣ್ಣ ಕಪ್ಲಾನ್ ಹಾಕಿ ಅಂದೆವು. ನೀರು ಕಡಿಮೆಯಾದಾಗ ಒಂದನ್ನು ನಿಲ್ಲಿಸಬಹುದು, ರಿಪೇರಿ ಬಂದರೂ ಇನ್ನೊಂದು ಓಡುತ್ತಿರುತ್ತದೆ. ದುಡ್ಡು ಹಾಕುವವರು ಮೊದಲು ಬೆಲೆ ನೋಡಿ ಮುಖ ಗಂಟಿಕ್ಕಿದರು. ತಿಂಗಳವಾರು ಎಷ್ಟು ಯೂನಿಟ್ ಬರುತ್ತದೆ ಅನ್ನುವ ಪಟ್ಟಿಯನ್ನು ಮುಂದಿಟ್ಟ ಮೇಲೆ, ಆಗಸ್ಟ್ ತಿಂಗಳ ಸಾಲಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಪ್ರಶ್ನೆ ಕೇಳಿದರು.