ಗ್ರಹಣದ ರಾತ್ರಿ ಕೇಳಿದ ಪ್ರಶ್ನೆ

8 ಸೆಪ್ಟೆಂಬರ್ 2025, ಸೋಮವಾರ
ಕುಂಬಳೆ

ಶನಿವಾರ ಅಕ್ಕನ ಮಗಳ ಯೂನಿಫಾರ್ಮ್ ಒಗೆಯಲು ತೆಗೆದಾಗ ಜೇಬಿನಲ್ಲಿ ಪ್ಲಾಸ್ಟರಿನ ಒಂದು ತುಂಡು ಸಿಕ್ಕಿತು. ಅದರ ಮೇಲೆ ನೀಲಿ ಪೆನ್ನಿನಲ್ಲಿ ತಾಯಿಯ ಹೆಸರು, ಹೆಣ್ಣು, 2.8 ಕೆಜಿ, 4.40 ಎಂದು ಬರೆದಿತ್ತು. ಹುಟ್ಟಿದ ಮಗುವಿಗೆ ಅಂಟಿಸುವ ಗುರುತು. ಸಮಯ ತಪ್ಪಿ ಬರೆದು, ಹೊಡೆದು ತಿದ್ದಿದ್ದಳು. ಬೇರೆ ಬರೆದು ಇದನ್ನು ಜೇಬಿಗೆ ಹಾಕಿಕೊಂಡಿರಬೇಕು ಅಂದುಕೊಂಡೆ. ಸ್ಟಾಫ್ ನರ್ಸ್ ಆಗಿ ನನಗೆ ಇಪ್ಪತ್ತು ವರ್ಷ ದಾಟಿತು, ಇಂಥ ತುಂಡುಗಳು ನನ್ನ ಜೇಬಿನಲ್ಲೂ ಎಷ್ಟೋ ಮನೆಗೆ ಬಂದಿವೆ. ಬಿಸಾಡಲು ಹೋದರೆ ಅವಳು ಓಡಿ ಬಂದು ಕಸಿದುಕೊಂಡಳು.

ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷ. ಕಣ್ಣೂರಿನಿಂದಲೂ ಆಚೆ ಕಾಲೇಜು. ಮನೆಯಲ್ಲಿ ತುಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ವಾರ್ಡಿನಲ್ಲಿ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್. ಅವಳ ಮಲಯಾಳ ಕೇಳಿ ಮೊದಲ ವರ್ಷ ಹಾಸ್ಟೆಲಿನಲ್ಲಿ ನಗುತ್ತಿದ್ದರಂತೆ. ಅದನ್ನೆಲ್ಲ ತಮಾಷೆಯಾಗಿ ಹೇಳುತ್ತಿದ್ದಳು, ನಾವೂ ನಗುತ್ತಿದ್ದೆವು. ಈ ಸಲ ಓಣಂ ರಜೆಗೆ ಬಂದವಳು ಏನೂ ಹೇಳಲಿಲ್ಲ. ಊಟ ಅಷ್ಟಕ್ಕಷ್ಟೆ. ರಾತ್ರಿ ಎರಡು ಗಂಟೆಗೂ ಮೊಬೈಲಿನ ಬೆಳಕು. ಅಕ್ಕ ಕೇಳಿದರೆ, "ಎಂಕ್ ದಾಲ ಬೊಡ್ಚಿ." ನನಗೆ ಏನೂ ಬೇಡ. "ರಜೆ ಮುಗಿಯುವಾಗ ಎಲ್ಲರಿಗೂ ಹಾಗೆಯೇ" ಅಂದಳು ಅಕ್ಕ. ನಾನೂ ತಲೆಯಾಡಿಸಿದೆ. ನರ್ಸ್ ಆಗಿ ನಾನು ಮಾಡಿದ ಸುಲಭದ ತಪ್ಪು ಇದು.

ನಿನ್ನೆ ಸಂಜೆ ರೈಲಿಗೆ ಹೊರಡಬೇಕಿತ್ತು. ಐದು ಗಂಟೆಯಾದರೂ ಬ್ಯಾಗ್ ತುಂಬಿಸಿರಲಿಲ್ಲ. ಹೋಗುವುದಿಲ್ಲ ಅಂತಲೂ ಹೇಳಲಿಲ್ಲ, ಮಂಚದಲ್ಲಿ ಸುಮ್ಮನೆ ಕೂತಿದ್ದಳು. ರೈಲು ತಪ್ಪಿತು.

ರಾತ್ರಿ ಚಂದ್ರಗ್ರಹಣ. ಅಮ್ಮ ಎಲ್ಲರಿಗೂ ಬೇಗ ಊಟ ಮುಗಿಸಿ, ಉಳಿದ ಸಾರಿಗೆ ದರ್ಬೆ ಹಾಕಿಟ್ಟು ಮಲಗಿದ್ದರು. ನಾವಿಬ್ಬರು ಜಗಲಿಯಲ್ಲಿ. ನಮ್ಮ ಕಡೆ ಮೋಡ, ಚಂದ್ರ ಕಾಣಲೇ ಇಲ್ಲ. ಹನ್ನೊಂದರ ಹೊತ್ತಿಗೆ ಅವಳಾಗಿ ಮಾತು ತೆಗೆದಳು. ತುಳುವಿನಲ್ಲಿ ಆಡಿದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಚಿಕ್ಕಮ್ಮ, ಆ ಮಗು ಅಳಲೇ ಇಲ್ಲ."

ಲೇಬರ್ ರೂಮಿನಲ್ಲಿ ಅವಳ ಎರಡನೇ ವಾರ. ಹೊಟ್ಟೆಯಲ್ಲೇ ಹೋಗಿದ್ದ ಮಗು. ಒರೆಸಿ, ತೂಕ ನೋಡಿ, ಬಟ್ಟೆ ಸುತ್ತಿ, ಗುರುತು ಬರೆದು ಅಂಟಿಸಿದ್ದು ಇವಳೇ. ಮೈ ಇನ್ನೂ ಬೆಚ್ಚಗಿತ್ತಂತೆ. ಕೈ ನಡುಗಿ ಸಮಯ ತಪ್ಪಿದ್ದು ಹಾಗೆ. ಕಣ್ಣೀರು ಬಂದಾಗ ಸಿಸ್ಟರ್, "ಅಳುವುದಾದರೆ ಹೊರಗೆ ಹೋಗು, ಇಲ್ಲಿ ಇನ್ನೂ ಮೂರು ಕೇಸ್ ಉಂಟು" ಅಂದರಂತೆ. ಸಿಸ್ಟರನ್ನೂ ಪೂರ್ತಿ ಬೈಯಲಾರೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದಾಗ ನಾನೂ ಹಾಗೆಯೇ ಗದರಿದ್ದೇನೆ. ಆದರೆ ಪಾಳಿ ಮುಗಿದ ಮೇಲೂ ಯಾರೂ ಕರೆದು ಕೂರಿಸಿ ಒಂದು ಮಾತು ಕೇಳಲಿಲ್ಲ. ಕೇಸ್ ಬುಕ್ಕಿಗೆ ಸಹಿ ಮಾತ್ರ ಬಿತ್ತು.

ಆಮೇಲೆ ನಿದ್ದೆ ಇಲ್ಲ. ರಜೆ ಯಾಕೆ ಹಾಕಲಿಲ್ಲ ಅಂತ ಹೊರಗಿನವರು ಕೇಳಬಹುದು. ಥಿಯರಿಗೆ ಹಾಜರಿ ಶೇಕಡಾ 80 ಇದ್ದರೆ ಸಾಕು, ಪ್ರಾಕ್ಟಿಕಲ್ ಮಾತ್ರ ಡಿಗ್ರಿ ಕೈಗೆ ಬರುವ ಮೊದಲು 100 ಆಗಲೇಬೇಕು. ಇಂದು ತಪ್ಪಿಸಿದ ಡ್ಯೂಟಿ ನಾಳೆ ಸಾಲವಾಗಿ ಕಾದಿರುತ್ತದೆ. ಮೇಲೆ ಬ್ಯಾಂಕಿನ ಸಾಲ ಬೇರೆ. ಮನಸ್ಸಿನ ಡಾಕ್ಟರ ಹತ್ತಿರ ಹೋದದ್ದು ಗೊತ್ತಾದರೆ "ಇವಳು ನರ್ಸ್ ಆಗಲು ಲಾಯಕ್ಕಾ" ಅಂತ ಕೇಳುತ್ತಾರೆ ಅನ್ನುವ ಭಯವೂ ಉಂಟು.

ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಪೇಷಂಟ್ ಆಗಿದ್ದರೆ ಫಾರ್ಮ್ ನೋಡಿಕೊಂಡು ಕೇಳಿಬಿಡುತ್ತಿದ್ದೆ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗೆ ಆಗುವುದಿಲ್ಲ, ಹೆಚ್ಚಿನವರಿಗೆ ಕೇಳಿದ್ದರಿಂದಲೇ ಹಗುರವಾಗುತ್ತದೆ ಅಂತ ವಾರ್ಡಿಗೆ ಬರುವ ಹುಡುಗಿಯರಿಗೆ ನಾನೇ ಹೇಳಿದ್ದೇನೆ. ಆದರೂ ನಮ್ಮದೇ ಜಗಲಿಯಲ್ಲಿ ಗಂಟಲು ಕಟ್ಟಿತು. ನೀರು ಕುಡಿದು ಬಂದು ಕೇಳಿದೆ.

"ಸಾಯಬೇಕು ಅಂತ ಅನಿಸ್ತದಾ?"

ತುಂಬಾ ಹೊತ್ತು ಮಾತಿಲ್ಲ. "ಬೆಳಿಗ್ಗೆ ಎಚ್ಚರ ಆಗದಿದ್ದರೆ ಒಳ್ಳೆಯದಿತ್ತು ಅಂತ ಅನಿಸ್ತದೆ." ಹೇಗೆ, ಯಾವಾಗ ಅಂತ ಯೋಚಿಸಿದ್ದೀಯಾ ಅಂತಲೂ ಕೇಳಿದೆ. ಇಲ್ಲ ಅಂದಳು. ಆಮೇಲೆ ಅತ್ತಳು. ನಾನು "ಅಳಬೇಡ" ಅನ್ನಲಿಲ್ಲ. ಅದೊಂದು ಸರಿ ಮಾಡಿದೆ.

14416ಕ್ಕೆ ಅವಳ ಫೋನಿನಿಂದಲೇ ಮಾಡಿಸಿದೆ. ಟೆಲಿ ಮನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದುಡ್ಡಿಲ್ಲ, ಇಡೀ ದಿನ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಹೋದ ಸೆಮಿಸ್ಟರ್ ಮೆಂಟಲ್ ಹೆಲ್ತ್ ನರ್ಸಿಂಗ್ ಪಾಠದಲ್ಲಿ ಈ ನಂಬರ್ ಇತ್ತಂತೆ. ಪರೀಕ್ಷೆಯಲ್ಲಿ ಬರೆದು ಮಾರ್ಕೂ ತೆಗೆದಿದ್ದಾಳೆ. ತಾನೇ ಅದಕ್ಕೆ ಫೋನ್ ಮಾಡಬಹುದು ಅಂತ ಹೊಳೆದಿರಲಿಲ್ಲ! ಅವಳು ಮಾತಾಡುವಾಗ ನಾನು ಬಾವಿಕಟ್ಟೆ ಹತ್ತಿರ ಹೋಗಿ ನಿಂತೆ.

ಜುಲೈಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗಿಗೆ ಹೋಗುತ್ತಿದ್ದ ಹುಡುಗಿಯ ಸಾವಿನ ಕೇಸು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಒಬ್ಬರಾದರೂ ಕೌನ್ಸೆಲರ್ ಇರಬೇಕು, ಸಹಾಯವಾಣಿ ನಂಬರ್ ಹಾಸ್ಟೆಲಿನಲ್ಲಿ ದೊಡ್ಡದಾಗಿ ಹಾಕಬೇಕು ಅಂತ ಅದರಲ್ಲಿದೆ. ನಿಮ್ಮ ಹಾಸ್ಟೆಲಿನ ಬೋರ್ಡಿನಲ್ಲಿ ಏನುಂಟು ಅಂತ ಕೇಳಿದೆ. "ಮೆಸ್ ಟೈಮಿಂಗ್. ಲೇಟಾದರೆ ಫೈನ್." 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಜೀವ ಕಳೆದುಕೊಂಡರು ಅಂತ ಸರ್ಕಾರದ ಲೆಕ್ಕ. ಅದರಲ್ಲಿ ನರ್ಸಿಂಗ್ ಮಕ್ಕಳು ಎಷ್ಟು ಅಂತ ಬೇರೆ ಕಾಲಂ ಇಲ್ಲ.

ಬೆಳಿಗ್ಗೆ ಅಕ್ಕನಿಗೆ ಹೇಳಿದೆವು. ಮೊದಲು "ಯಾರ ದೃಷ್ಟಿಯೋ" ಅಂದಳು, ಆಮೇಲೆ ತಾನೇ ಆಟೋ ಕರೆದಳು. ಕಾಸರಗೋಡಿನಲ್ಲಿ ಡಾಕ್ಟರನ್ನು ಕಂಡು ಬಂದೆವು. ಕಾಲೇಜಿಗೆ ಫೋನ್ ಮಾಡಿದಾಗ ಆಚೆಯವರು ಮೆತ್ತಗೆ, "ಜ್ವರ ಅಂತ ಸರ್ಟಿಫಿಕೇಟ್ ತನ್ನಿ, ಅದೇ ಒಳ್ಳೆಯದು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಇನ್ನೂ ಒಪ್ಪಿಲ್ಲ. ಅವಳನ್ನೇ ಕೇಳಬೇಕು.

ಇದನ್ನು ಹಾಕುವ ಮೊದಲು ಅವಳಿಗೆ ಓದಿ ಹೇಳಿದೆ. ಡಾಕ್ಟರ ಹತ್ತಿರ ಆಡಿದ ಮಾತಿನ ನಾಲ್ಕು ಸಾಲು ತೆಗೆಸಿದಳು. ಪ್ಲಾಸ್ಟರಿನ ವಿಷಯ ಇರಲಿ ಅಂದಳು. ಅದು ಈಗ ಅವಳ ಪರ್ಸಿನಲ್ಲಿದೆ.

ಗುರುವಾರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ಸದ್ಯ ನನ್ನ ಕೋಣೆಯಲ್ಲೇ ಮಲಗುತ್ತಾಳೆ. ನಾನು ಗೊರಕೆ ಹೊಡೆಯುತ್ತೇನೆ ಅಂತ ದೂರು ಆಗಲೇ ಅಮ್ಮನವರೆಗೂ ಹೋಗಿದೆ.