ಸೀಮೆಬದನೆ–ಸೀಗಡಿ ಕ್ಯಾಸರೋಲ್: ಓವನ್ ಪ್ರಯೋಗದ ದಾಖಲೆ

ಏನು ಮಾಡಲು ಹೊರಟಿದ್ದೇವೆ

ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಅನೇಕ ಮನೆಗಳಲ್ಲಿ ಮಿರ್ಲಿಟನ್ ಕ್ಯಾಸರೋಲ್ (ಟ್ರೇಯಲ್ಲಿ ಹರಡಿ ಓವನ್‌ನಲ್ಲಿ ಬೇಯಿಸುವ ಅಡುಗೆ) ಬರುತ್ತದೆ. ಮಿರ್ಲಿಟನ್ ಅಲ್ಲಿಯವರಿಗೆ ಹಿತ್ತಲ ಬೇಲಿಯ ಬಳ್ಳಿ, ನಮಗೆ ಸೀಮೆಬದನೆಕಾಯಿ. ಬೇಯಿಸಿದ ತಿರುಳಿಗೆ ಸೀಗಡಿ, ಏಡಿ ಮಾಂಸ, ಬಾಡಿಸಿದ ಈರುಳ್ಳಿ–ಸೆಲೆರಿ–ದೊಣ್ಣೆ ಮೆಣಸಿನಕಾಯಿ ಸೇರಿಸಿ, ಮೇಲೆ ಬ್ರೆಡ್ ಪುಡಿ ಉದುರಿಸಿ ಓವನ್‌ಗೆ ಇಡುತ್ತಾರೆ. ಬಳ್ಳಿ ಅಲ್ಲಿ ಮುಖ್ಯವಾಗಿ ಅಕ್ಟೋಬರ್–ನವೆಂಬರ್‌ನಲ್ಲಿ ಕಾಯಿ ಬಿಡುತ್ತದೆ. ಮೆಕ್ಸಿಕೋ ಕೊಲ್ಲಿಯ ಕರಾವಳಿಯಲ್ಲಿ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಬಿಳಿ ಸೀಗಡಿಯ ಸುಗ್ಗಿ. ಎರಡೂ ಒಟ್ಟಿಗೆ ಕೈಗೆ ಸಿಗುವ ಕಾಲಕ್ಕೆ ಹುಟ್ಟಿದ ಅಡುಗೆ ಇದು.

ಸರಿಯಾದ ಕ್ಯಾಸರೋಲ್‌ಗೆ ನಾವು ಇಟ್ಟುಕೊಂಡಿರುವ ಅಳತೆಗೋಲು ಹೀಗಿದೆ. ಚಾಕುವಿನಿಂದ ಚೌಕ ಕತ್ತರಿಸಿ ತಟ್ಟೆಗೆ ಎತ್ತಿದರೆ ತುಂಡು ನಿಲ್ಲಬೇಕು. ಟ್ರೇಯ ತಳದಲ್ಲಿ ನೀರು ಕಾಣಬಾರದು. ಸೀಗಡಿ ರಬ್ಬರಿನಂತೆ ಬಿಗಿಯಬಾರದು. ಬಾಯಿಗೆ ಮೊದಲು ಸಿಗುವುದು ಸಮುದ್ರದ ರುಚಿಯಾಗಿರಬೇಕು, ಬ್ರೆಡ್ಡಿನದಲ್ಲ.

ಕೊನೆಯ ಮಾತಿನ ಮೇಲೆ ನಮಗೆ ಹೆಚ್ಚು ಹಟ. ಸೀಮೆಬದನೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಭಾಗ ನೀರು, ಸೀಗಡಿಯೂ ಬಿಸಿ ತಾಗಿದೊಡನೆ ನೀರು ಬಿಡುತ್ತದೆ. ಬಹಳಷ್ಟು ಪಾಕವಿಧಾನಗಳು ಈ ನೀರನ್ನು ಹೀರಲು ಮೂರು, ನಾಲ್ಕು ಕಪ್ ಬ್ರೆಡ್ ಪುಡಿ ಸುರಿಯುತ್ತವೆ. ತುಂಡು ನಿಲ್ಲುತ್ತದೆ, ನಿಜ. ಆದರೆ ತಿನ್ನುವುದು ನೆನೆದ ಬ್ರೆಡ್ಡನ್ನೇ. ನೀರನ್ನು ಓವನ್‌ಗೆ ಹೋಗುವ ಮೊದಲೇ ತೆಗೆದುಬಿಟ್ಟರೆ ಬ್ರೆಡ್ಡಿಗೆ ಉಳಿಯುವ ಕೆಲಸ ಅಂಟಿಸುವುದಷ್ಟೇ. ಕೆಳಗಿನ ಎಲ್ಲ ಬದಲಾವಣೆಗಳೂ ಅದಕ್ಕಾಗಿಯೇ.

ಕಾಯಿ ಆರಿಸುವುದು, ಬೇಯಿಸುವುದು

ತಲಾ 300ರಿಂದ 350 ಗ್ರಾಂ ತೂಗುವ ಆರು ಕಾಯಿ, ಒಟ್ಟು ಸುಮಾರು 2 ಕಿಲೋ. ತಿಳಿಹಸಿರು ಅಥವಾ ಬಿಳಿಯ ಬಣ್ಣ, ಗಟ್ಟಿ ಕಾಯಿ, ಸುಕ್ಕಿಲ್ಲದ ಸಿಪ್ಪೆ. ಸೀಮೆಬದನೆಗೆ ಇರುವುದು ಒಂದೇ ಬೀಜ, ಅದು ಕಾಯಿಯೊಳಗೇ ಮೊಳೆಯುತ್ತದೆ. ಅಗಲವಾದ ತುದಿಯಲ್ಲಿ ಮೊಳಕೆ ಇಣುಕುತ್ತಿದ್ದರೆ ಆ ಕಾಯಿ ಬಲಿತು ನಾರಾಗಿರುತ್ತದೆ. ನೆಡಲು ಒಳ್ಳೆಯದು, ಈ ಅಡುಗೆಗೆ ಬೇಡ. ಬೆಂದ ಎಳೆ ಬೀಜವನ್ನು ಮಾತ್ರ ಎಸೆಯಬೇಡಿ. ಅದು ಮೃದುವಾಗಿ, ಬಾದಾಮಿಯ ಹತ್ತಿರದ ರುಚಿ ಕೊಡುತ್ತದೆ. ಹೆಚ್ಚಿ ತಿರುಳಿಗೇ ಸೇರಿಸುತ್ತೇವೆ.

ಹಸಿ ಕಾಯಿಯ ಸಿಪ್ಪೆ ತೆಗೆದರೆ ಸೊನೆ ಬೆರಳಿಗೆ ಅಂಟಿ ಒಣಗಿ ಚರ್ಮ ಬಿಗಿಯುವುದು ಇದನ್ನು ಸಾಂಬಾರಿಗೆ ಹೆಚ್ಚಿದವರಿಗೆಲ್ಲ ಗೊತ್ತು. ಇಲ್ಲಿ ಆ ತೊಂದರೆ ಇಲ್ಲ, ಸಿಪ್ಪೆ ತೆಗೆಯುವುದು ಬೆಂದ ಮೇಲೆ.

ಬೇಯಿಸುವ ಕ್ರಮಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ವ್ಯತ್ಯಾಸ ಚೆನ್ನಾಗಿ ಕಂಡಿತು. ಅರ್ಧ ಮಾಡಿ ನೀರಿನಲ್ಲಿ ಕುದಿಸಿದರೆ ಕತ್ತರಿಸಿದ ಮೈಯಿಂದ ನೀರು ಒಳಗೆ ಸೇರುತ್ತದೆ, ರುಚಿ ಹೊರಗೆ ಹೋಗುತ್ತದೆ. ಇಡೀ ಕಾಯಿಯನ್ನೇ ಕುದಿಸುವುದು ನ್ಯೂ ಆರ್ಲಿಯನ್ಸ್‌ನ ರೂಢಿ: 45ರಿಂದ 60 ನಿಮಿಷ, ಸಿಪ್ಪೆಯೇ ತಡೆ. ಇದು ಚೆನ್ನಾಗಿಯೇ ಬರುತ್ತದೆ. ಪ್ರೆಶರ್ ಕುಕ್ಕರ್‌ನಲ್ಲಿ ಹದ ಹಿಡಿಯುವುದು ಕಷ್ಟ. ಹೊರಗೆ ಪೇಸ್ಟ್ ಆದರೂ ಬೀಜದ ಸುತ್ತ ಗಟ್ಟಿ ಉಳಿಯುತ್ತದೆ. 200 ಡಿಗ್ರಿ ಓವನ್‌ನಲ್ಲಿ ಅರ್ಧ ಕಾಯಿಗಳನ್ನು ಬೋರಲು ಹಾಕಿ ಒಂದು ಗಂಟೆ ಬೇಯಿಸಿದರೆ ನೀರು ಹೋಗಿ ರುಚಿ ಗಾಢವಾಗುತ್ತದೆ, ಆದರೆ ಅಂಚುಗಳು ಚರ್ಮದಂತಾಗುತ್ತವೆ. ಈಗ ನಾವು ನಿಂತಿರುವುದು ಹಬೆಯಲ್ಲಿ. ಇಡ್ಲಿ ಪಾತ್ರೆಯ ತಟ್ಟೆ ತೆಗೆದು ತೂತಿನ ಬಿಲ್ಲೆ ಇಟ್ಟು, ಅರ್ಧ ಮಾಡಿದ ಕಾಯಿಗಳನ್ನು ಬೋರಲಾಗಿ ಜೋಡಿಸಿ 30 ನಿಮಿಷ. ಹಬೆ ನೀರಾಗಿ ಇಳಿದರೂ ಬೋರಲಾಗಿರುವುದರಿಂದ ಬೀಜದ ಕುಳಿಯಲ್ಲಿ ನಿಲ್ಲುವುದಿಲ್ಲ. ಚಾಕುವಿನ ತುದಿ ತಡೆಯಿಲ್ಲದೆ ಇಳಿದರೆ ಹದ.

ನೀರು ತೆಗೆಯುವುದು

ಈ ಕೆಲಸಕ್ಕೆ ತಕ್ಕಡಿ ಬೇಕೇ ಬೇಕು. ಕಣ್ಣಳತೆಗೆ ಒಣಗಿದಂತೆ ಕಂಡ ತಿರುಳಿನಲ್ಲಿ ಇನ್ನೂ ಒಂದು ಲೋಟ ನೀರು ಇರಬಹುದು.

2 ಕಿಲೋ ಕಾಯಿ ಬೆಂದು, ಸಿಪ್ಪೆ ತೆಗೆದ ಮೇಲೆ ಸುಮಾರು 1.65 ಕಿಲೋ ಉಳಿಯುತ್ತದೆ. ಒಂದು ಸೆಂಟಿಮೀಟರ್ ಹೋಳು ಮಾಡಿ, ಒಂದು ಚಮಚ ಉಪ್ಪು ಬೆರೆಸಿ, ತೂತಿನ ಪಾತ್ರೆಯಲ್ಲಿ ಅರ್ಧ ಗಂಟೆ ಬಸಿಯಲು ಬಿಟ್ಟರೆ 1.45 ಕಿಲೋಗೆ ಇಳಿಯುತ್ತದೆ. ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಇನ್ನಷ್ಟು ಹೋಗುತ್ತದೆ, ಆದರೆ ಹೋಳು ಒಡೆದು ನುಚ್ಚಾಗುತ್ತದೆ. ಕ್ಯಾಸರೋಲ್‌ನಲ್ಲಿ ತರಕಾರಿ ಬಾಯಿಗೆ ಸಿಗುವುದೇ ಇಲ್ಲ. ಹಾಗಾಗಿ ಹಿಂಡುವುದನ್ನು ಕೈಬಿಟ್ಟಿದ್ದೇವೆ. ಬದಲಿಗೆ ಅಗಲವಾದ ಬಾಣಲೆಯಲ್ಲಿ ಎರಡು ಚಮಚ ಬೆಣ್ಣೆ ಹಾಕಿ, ಹೋಳುಗಳನ್ನು ದೊಡ್ಡ ಉರಿಯಲ್ಲಿ, ಮುಚ್ಚಳವಿಲ್ಲದೆ, 12ರಿಂದ 15 ನಿಮಿಷ ಮಗುಚುತ್ತೇವೆ. ಮೊದಲು ಸೊರಸೊರ ಎನ್ನುವ ಸದ್ದು. ನೀರು ಮುಗಿಯುತ್ತಿದ್ದಂತೆ ಅದು ಚಟಪಟಕ್ಕೆ ತಿರುಗುತ್ತದೆ. ಆಗ ತೂಗಿ: 1.1 ಕಿಲೋ ಆಸುಪಾಸು ಇರಬೇಕು. 1.25 ಇದ್ದರೆ ಇನ್ನೂ ಐದು ನಿಮಿಷ ಬೇಕು. ಬಾಣಲೆ ಚಿಕ್ಕದಿದ್ದರೆ ಎರಡು ಸರದಿ ಮಾಡಿ, ಒಟ್ಟಿಗೆ ತುಂಬಿದರೆ ಹೋಳು ತನ್ನ ನೀರಿನಲ್ಲೇ ಬೇಯುತ್ತಾ ಕೂರುತ್ತದೆ.

ಅರ್ಧ ಲೀಟರ್‌ಗೂ ಹೆಚ್ಚು ನೀರು ಇಲ್ಲಿ ಹೋಯಿತು. ಬ್ರೆಡ್ ಪುಡಿಯನ್ನು ಅರ್ಧಕ್ಕಿಂತ ಕಡಿಮೆ ಮಾಡಲು ಸಾಧ್ಯವಾದದ್ದು ಇದರಿಂದ.

ಮೂರು ತರಕಾರಿಯ ಬುನಾದಿ

ಈರುಳ್ಳಿ 250 ಗ್ರಾಂ, ಸೆಲೆರಿ ದಂಟು 120 ಗ್ರಾಂ, ಹಸಿರು ದೊಣ್ಣೆ ಮೆಣಸಿನಕಾಯಿ 120 ಗ್ರಾಂ, ಎಲ್ಲವೂ ಸಣ್ಣಗೆ ಹೆಚ್ಚಿದ್ದು. ಲೂಸಿಯಾನಾದವರು ಇದನ್ನು ಪವಿತ್ರ ತ್ರಿಮೂರ್ತಿ ಎನ್ನುವಷ್ಟು ಗೌರವದಿಂದ ಕಾಣುತ್ತಾರೆ. 80 ಗ್ರಾಂ ಬೆಣ್ಣೆಯಲ್ಲಿ ಮಧ್ಯಮ ಉರಿಗೆ 15 ನಿಮಿಷ ಬಾಡಿಸಿ. ಈರುಳ್ಳಿ ಪಾರದರ್ಶಕವಾದರೆ ಸಾಲದು, ಅಂಚು ಹೊಂಬಣ್ಣಕ್ಕೆ ಬರಬೇಕು. ಸೆಲೆರಿಯ ಹಸಿ ವಾಸನೆ ಉಳಿದರೆ ಅದು ಓವನ್‌ನಲ್ಲಿ ಹೋಗುವುದಿಲ್ಲ. ಕೊನೆಯ ಒಂದು ನಿಮಿಷಕ್ಕೆ ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಒಣ ಥೈಮ್, ಕಾಲು ಚಮಚ ಕೆಂಪು ಮೆಣಸಿನ ಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ.

ಎರಡು ಎಚ್ಚರಿಕೆ. ಅಲ್ಲಿಯ ಪಾಕವಿಧಾನದ ಬೇ ಎಲೆ ನಮ್ಮ ಪಲಾವ್ ಎಲೆ ಅಲ್ಲ. ಪಲಾವ್ ಎಲೆ ದಾಲ್ಚಿನ್ನಿಯ ಜಾತಿಯದು, ಹಾಕಿದರೆ ಕ್ಯಾಸರೋಲ್‌ಗೆ ಬಿರಿಯಾನಿ ಘಮ ಬರುತ್ತದೆ. ಸರಿಯಾದ ಎಲೆ ಸಿಗದಿದ್ದರೆ ಬಿಟ್ಟುಬಿಡಿ. ಇನ್ನೊಂದು, ಡಬ್ಬಿಯಲ್ಲಿ ಸಿಗುವ ಅನೇಕ ಕ್ರಿಯೋಲ್ (ಲೂಸಿಯಾನಾ ಶೈಲಿಯ) ಮಸಾಲೆಗಳಲ್ಲಿ ಮೊದಲ ಪದಾರ್ಥವೇ ಉಪ್ಪು. ಬಸಿಯಲು ಹಾಕಿದ ಉಪ್ಪಿನಲ್ಲಿ ಒಂದಷ್ಟು ಹೋಳಿನಲ್ಲೇ ಉಳಿದಿರುತ್ತದೆ, ಕೊನೆಗೆ ಮೇಲ್ಪದರಕ್ಕೆ ಹಾಕುವ ಚೀಸ್‌ನಲ್ಲೂ ಉಪ್ಪಿದೆ. ಡಬ್ಬಿ ಮಸಾಲೆ ಬಳಸುವುದಾದರೆ ಬೇರೆ ಉಪ್ಪು ಹಾಕಬೇಡಿ.

ಸೀಗಡಿ

ಹೆಚ್ಚು ಯೋಚನೆ ಬೇಡಿದ್ದು ಇದು. ಸೀಗಡಿಯನ್ನು ಪೂರ್ತಿ ಬೇಯಿಸಿ ಸೇರಿಸಿದರೆ ಓವನ್‌ನಲ್ಲಿ ಎರಡನೇ ಸಲ ಬೆಂದು ಬಿಗಿಯುತ್ತದೆ. ಹಸಿಯಾಗಿಯೇ ಸೇರಿಸಿದರೆ ಮೃದುವಾಗಿರುತ್ತದೆ, ಆದರೆ ಅದು ಬಿಡುವ ನೀರೆಲ್ಲ ಟ್ರೇಯಲ್ಲೇ ಸೇರಿ ಇಷ್ಟು ಹೊತ್ತು ಮಾಡಿದ ಕೆಲಸ ಹಾಳು.

ಈಗಿನ ಕ್ರಮ ಇವೆರಡರ ನಡುವಿನದು. ಸಿಪ್ಪೆ, ನಾಳ ತೆಗೆದ 450 ಗ್ರಾಂ ಸೀಗಡಿ ಬೇಕು. ತಲೆ ಸಮೇತ ಕೊಂಡರೆ ಸುಮಾರು 900 ಗ್ರಾಂ. ಮಧ್ಯಮ ಗಾತ್ರದ್ದು ಸಾಕು, ದೊಡ್ಡದಿದ್ದರೆ ಮೂರು ತುಂಡು ಮಾಡಿ. ಒಣ ಬಟ್ಟೆಯಲ್ಲಿ ಒತ್ತಿ ಒರೆಸಿ, ಕಾದ ಬಾಣಲೆಯಲ್ಲಿ 60ರಿಂದ 90 ಸೆಕೆಂಡು. ಹೊರಗೆ ನಸುಗೆಂಪು, ನಡುವೆ ಇನ್ನೂ ಗಾಜಿನ ಬಣ್ಣ ಇರುವಾಗಲೇ ತೂತಿನ ಪಾತ್ರೆಗೆ ಸುರಿದು, ಕೆಳಗೆ ಬಟ್ಟಲಿಟ್ಟು ಹತ್ತು ನಿಮಿಷ ಬಿಡಿ. ಬಟ್ಟಲಿಗೆ ಇಳಿದ ರಸವೇ ಈ ಅಡುಗೆಯ ಜೀವ, ಚೆಲ್ಲಬೇಡಿ.

ತಲೆ, ಸಿಪ್ಪೆಗಳನ್ನು ಒಂದು ಚಮಚ ಎಣ್ಣೆಯಲ್ಲಿ ಕೆಂಪಾಗುವವರೆಗೆ ಹುರಿದು, ಮೂರು ಕಪ್ ನೀರಿನಲ್ಲಿ 20 ನಿಮಿಷ ಕುದಿಸಿ ಸೋಸಿ. ಸೋಸಿದ್ದಕ್ಕೆ ಬಟ್ಟಲಿನ ರಸ ಸೇರಿಸಿ ಅರ್ಧ ಕಪ್‌ಗೆ ಇಳಿಯುವವರೆಗೆ ಕುದಿಸಿ, ಬಾಡಿಸಿದ ತರಕಾರಿಗೆ ಹಾಕಿ. ತೆಗೆದದ್ದು ನೀರನ್ನು ಮಾತ್ರ. ರುಚಿ ಮರಳಿ ಒಳಗೇ ಬಂತು.

ಫ್ರೀಜ್ ಮಾಡಿದ ಪ್ಯಾಕೆಟ್ ಸೀಗಡಿಯಾದರೆ ಪದಾರ್ಥಗಳ ಪಟ್ಟಿ ಓದಿ. ಸೋಡಿಯಂ ಟ್ರೈಪಾಲಿಫಾಸ್ಫೇಟ್ ಎಂದಿದ್ದರೆ ಆ ಸೀಗಡಿ ನೀರು ಹಿಡಿದು ತೂಕ ಹೆಚ್ಚಿಸಿಕೊಂಡಿರುತ್ತದೆ, ಬಾಣಲೆಯಲ್ಲಿ ಬಿಳಿ ನೊರೆಯೊಂದಿಗೆ ಬಿಡುತ್ತದೆ. ಸೀಗಡಿ, ಉಪ್ಪು ಎಂದಷ್ಟೇ ಬರೆದಿರುವುದನ್ನು ಕೊಳ್ಳಿ. ಫ್ರಿಜ್‌ನಲ್ಲಿ ರಾತ್ರಿಯಿಡೀ ತೂತಿನ ಪಾತ್ರೆಯಲ್ಲಿಟ್ಟು ಕರಗಿಸಿ.

ಏಡಿ

225 ಗ್ರಾಂ ಬಿಡಿಸಿದ ಮಾಂಸ. ಕೊಲ್ಲಿಯ ನೀಲಿ ಏಡಿಯ ದೊಡ್ಡ ಬಿಳಿ ತುಂಡುಗಳು ದುಬಾರಿ, ಕಲಸುವಾಗ ಹೇಗೂ ಒಡೆಯುತ್ತವೆ. ಕೊಂಬಿನ ಮಾಂಸ ಅಗ್ಗ, ಬಣ್ಣ ಕಂದು, ರುಚಿ ಗಟ್ಟಿ. ಕ್ಯಾಸರೋಲ್‌ಗೆ ಅದೇ ಸರಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಇಡೀ ಏಡಿ ತಂದು ಬೇಯಿಸಿ ಬಿಡಿಸುವವರು ಒಂದು ಕಿಲೋ ತರಬೇಕು, ತೂಕದ ಕಾಲು ಭಾಗ ಮಾಂಸ ಸಿಕ್ಕರೆ ಹೆಚ್ಚು. ಚಿಪ್ಪಿನ ಚೂರು ಉಳಿಯದಂತೆ ತಟ್ಟೆಯಲ್ಲಿ ಹರಡಿ ಬೆರಳಿನಿಂದ ತಡಕಿ ನೋಡಿ.

ಬ್ರೆಡ್

ಒಳಗೆ ಒಂದೂಕಾಲು ಕಪ್, ಮೇಲೆ ಮುಕ್ಕಾಲು ಕಪ್. ನ್ಯೂ ಆರ್ಲಿಯನ್ಸ್‌ನಲ್ಲಿ ಒಣಗಿದ ಹಳೆಯ ಫ್ರೆಂಚ್ ಬ್ರೆಡ್ ಬಳಸುತ್ತಾರೆ. ಅದರ ತಿರುಳು ಹಗುರ, ಸಿಹಿ ಇಲ್ಲ. ನಮ್ಮಲ್ಲಿ ಬೇಕರಿಯ ಸ್ಯಾಂಡ್‌ವಿಚ್ ಬ್ರೆಡ್‌ಗೆ ಸಾಮಾನ್ಯವಾಗಿ ಸಕ್ಕರೆ ಹಾಕಿರುತ್ತಾರೆ, ಒಳಗೆ ಅಂಟಾಗುತ್ತದೆ, ಮೇಲ್ಪದರ ಬೇಗ ಸೀಯುತ್ತದೆ. ರಸ್ಕ್ ಪುಡಿ ಬೇಡವೇ ಬೇಡ, ಸಿಹಿಯ ಜೊತೆ ಏಲಕ್ಕಿಯೂ ಬರುತ್ತದೆ. ಸಕ್ಕರೆಯಿಲ್ಲದ ಬ್ರೆಡ್ಡನ್ನು 120 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸಿ ಒರಟಾಗಿ ಪುಡಿ ಮಾಡುವುದೇ ಉತ್ತಮ. ನುಣ್ಣಗೆ ಪುಡಿ ಮಾಡಿದರೆ ಮುದ್ದೆ ಕಟ್ಟುತ್ತದೆ.

ಕೂಡಿಸಿ ಬೇಯಿಸುವುದು

ತಿರುಳು, ತರಕಾರಿ ಎರಡೂ ಉಗುರುಬೆಚ್ಚಗೆ ಆರಿದ ಮೇಲೆ ಎರಡು ಮೊಟ್ಟೆ ಕದಡಿ ಹಾಕಿ. ಬಿಸಿ ಇದ್ದಾಗ ಹಾಕಿದರೆ ಮೊಟ್ಟೆ ಗಂಟು ಕಟ್ಟಿ, ಅಂಟಿಸುವ ಗುಣ ಕಳೆದುಕೊಳ್ಳುತ್ತದೆ. ನಂತರ ಬ್ರೆಡ್ ಪುಡಿ, ಅರ್ಧ ಕಪ್ ಪಾರ್ಸ್ಲಿ, ನಾಲ್ಕು ಈರುಳ್ಳಿ ಸೊಪ್ಪು, ಸೀಗಡಿ. ಎಲ್ಲಕ್ಕಿಂತ ಕೊನೆಗೆ ಏಡಿ, ಎರಡೇ ಸಲ ಮಗುಚಿ. ಮಿಶ್ರಣವನ್ನು ಚಮಚದಲ್ಲಿ ಎತ್ತಿ ಓರೆ ಮಾಡಿದರೆ ನಿಧಾನವಾಗಿ ಜಾರಬೇಕು. ಸುರಿದರೆ ಎರಡು ಚಮಚ ಪುಡಿ ಹೆಚ್ಚಿಸಿ, ಜಾರದೇ ನಿಂತರೆ ಎರಡು ಚಮಚ ಹಾಲು ಹಾಕಿ.

23×33 ಸೆಂಟಿಮೀಟರ್ ಟ್ರೇಗೆ ಬೆಣ್ಣೆ ಸವರಿ ಹರಡಿ. ಮೇಲ್ಪದರದ ಪುಡಿಗೆ 30 ಗ್ರಾಂ ಕರಗಿದ ಬೆಣ್ಣೆ, ಕಾಲು ಕಪ್ ತುರಿದ ಪಾರ್ಮೆಸಾನ್ ಚೀಸ್ ಬೆರೆಸಿ ಉದುರಿಸಿ. 175 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಅಂಚಿನಲ್ಲಿ ಗುಳ್ಳೆ ಏಳಬೇಕು, ನಡುವಿನ ಉಷ್ಣತೆ 74 ಡಿಗ್ರಿ ಮುಟ್ಟಬೇಕು. 80 ದಾಟಿದರೆ ಸೀಗಡಿ ಬಿಗಿಯತೊಡಗುತ್ತದೆ, ಮೊಟ್ಟೆ ಹಿಂಡಿದಂತಾಗಿ ನೀರು ಬಿಡುತ್ತದೆ. ಥರ್ಮಾಮೀಟರ್ ಇಲ್ಲದೆ ಬರಿ ಮೇಲ್ಪದರದ ಬಣ್ಣ ನಂಬಿದರೆ ಮೋಸ ಹೋಗುತ್ತೀರಿ, ಅದು ಬೇಗ ಬಣ್ಣ ತಿರುಗುತ್ತದೆ.

ಚಿಕ್ಕ ಒಟಿಜಿಯಲ್ಲಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) ಈ ಟ್ರೇ ಹಿಡಿಯದು. ಅರ್ಧ ಪ್ರಮಾಣವನ್ನು 20 ಸೆಂಟಿಮೀಟರ್ ಚೌಕ ಟ್ರೇಯಲ್ಲಿ ಮಾಡಿ, ಮೊದಲ 20 ನಿಮಿಷ ಕೆಳಗಿನ ಕಂಬಿ ಮಾತ್ರ, ಆಮೇಲೆ ಎರಡೂ. ಮೇಲಿನ ಕಂಬಿ ಹತ್ತಿರವಿರುವುದರಿಂದ ಮೊದಲೇ ಹಾಕಿದರೆ ಪುಡಿ ಕಪ್ಪಾಗುತ್ತದೆ.

ಓವನ್‌ನಿಂದ ತೆಗೆದು 15 ನಿಮಿಷ ಮುಟ್ಟಬೇಡಿ. ಈ ಹೊತ್ತಿನಲ್ಲಿ ಮೊಟ್ಟೆ, ಬ್ರೆಡ್ ಬಿಗಿಯಾಗಿ ಉಳಿದ ರಸ ಒಳಗೇ ಕೂರುತ್ತದೆ. ಈಗಿನ ಅಳತೆಯಲ್ಲಿ ತುಂಡು ಚೌಕವಾಗಿ ಎದ್ದು ಬರುತ್ತಿದೆ, ತಳ ಒಣಗಿದೆ.

ಬಾಕಿ ಇರುವುದು

ಫ್ರೀಜರ್ ವಿಷಯ ಅರ್ಧ ಬಗೆಹರಿದಿದೆ. ಜೋಡಿಸಿದ ಟ್ರೇಯನ್ನೇ ಫ್ರೀಜ್ ಮಾಡಿದರೆ ಮಂಜಿನ ಹರಳುಗಳು ಸೀಮೆಬದನೆಯ ಕೋಶಗಳನ್ನು ಒಡೆದು, ಕರಗುವಾಗ ಮತ್ತೆ ನೀರು ಬರುತ್ತದೆ. ಬೇಯಿಸಿ ಬಸಿದ ತಿರುಳನ್ನು ಮಾತ್ರ ಚೀಲದಲ್ಲಿ ಫ್ರೀಜ್ ಮಾಡಿ, ಕರಗಿದ ಮೇಲೆ ಬಸಿದು ಬಾಣಲೆಯ ಹಂತಕ್ಕೆ ಹೋಗುವುದು ಸರಿಹೊಂದಿದೆ. ಸುಗ್ಗಿಯಲ್ಲಿ ಕಾಯಿ ಹೆಚ್ಚಾದಾಗ ನ್ಯೂ ಆರ್ಲಿಯನ್ಸ್‌ನವರು ಮಾಡುವುದೂ ಇದನ್ನೇ. ಮಾಡಿಟ್ಟ ಕ್ಯಾಸರೋಲ್ ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಬಿಸಿ ಮಾಡುವಾಗ ಮೈಕ್ರೋವೇವ್ ಬೇಡ, 150 ಡಿಗ್ರಿ ಓವನ್‌ನಲ್ಲಿ ಫಾಯಿಲ್ ಮುಚ್ಚಿ 20 ನಿಮಿಷ, ಕೊನೆಯ ಐದು ನಿಮಿಷ ತೆರೆದು.

ಮುಂದಿನದು ಹೊಗೆ ಹಾಕಿದ ಹ್ಯಾಮ್ (ಹಂದಿ ತೊಡೆಯ ಮಾಂಸ) ಸೇರಿಸುವ ಹಳೆಯ ಕ್ರಮ. ಏಡಿಯ ಬದಲು 150 ಗ್ರಾಂ ಹ್ಯಾಮ್ ಹೆಚ್ಚಿ, ತರಕಾರಿಗಿಂತ ಮೊದಲು ಬೆಣ್ಣೆಯಲ್ಲಿ ಹುರಿದು ಅದರ ಕೊಬ್ಬಿನಲ್ಲೇ ಈರುಳ್ಳಿ ಬಾಡಿಸುವ ಯೋಚನೆ. ಬಸಿಯುವ ಉಪ್ಪನ್ನು ಆಗ ಅರ್ಧ ಚಮಚಕ್ಕೆ ಇಳಿಸಬೇಕು.