ಬ್ರಹ್ಮಗಿರಿಯಲ್ಲಿ ಸಿಂಗಳೀಕ ನೋಡಬೇಕಿದ್ದರೆ

14 ಡಿಸೆಂಬರ್ 2025, ಭಾನುವಾರ
ಇರ್ಪು, ದಕ್ಷಿಣ ಕೊಡಗು

ಎಂಟು ಗಂಟೆಯಾದರೂ ಮಂಜು ಸರಿಯಲಿಲ್ಲ. ಇರ್ಪುವಿನಿಂದ ಬ್ರಹ್ಮಗಿರಿ ಹತ್ತುವವರಲ್ಲಿ ಹೆಚ್ಚಿನವರು ಕಾಡನ್ನು ಓಡೋಡಿ ದಾಟಿ ಹುಲ್ಲುಗಾವಲು ಸೇರುತ್ತಾರೆ. ಕಣ್ಣೆಲ್ಲ 1608 ಮೀಟರಿನ ತುದಿಯ ಮೇಲೆ. ಇಳಿದು ಬಂದ ಮೇಲೆ ದೂರು ಒಂದೇ: ‘ಒಂದು ಪ್ರಾಣಿಯೂ ಕಾಣಲಿಲ್ಲ.’ ಕಾಣುವುದಾದರೂ ಹೇಗೆ? ಸಿಂಹಬಾಲದ ಕೋತಿಯಾದ ಸಿಂಗಳೀಕ, ಕರಿಮುಸುವ (ನೀಲಗಿರಿ ಲಂಗೂರ್), ಮರನಾಯಿ, ದಾಸಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ) ಎಲ್ಲವೂ ಮರ ನಂಬಿ ಬದುಕುವ ಜೀವಗಳು. ಅವನ್ನು ಹುಡುಕಬೇಕಾದದ್ದು ದಾರಿಯ ನಡುವೆ ಸಿಗುವ ನರಿಮಲೆ ಕ್ಯಾಂಪಿನವರೆಗಿನ ದಟ್ಟ ಕಾಡಿನಲ್ಲಿ. 1974ರಲ್ಲಿ ಘೋಷಣೆಯಾದ, 181 ಚದರ ಕಿಲೋಮೀಟರಿನ ಈ ಅಭಯಾರಣ್ಯದ ನಿಜವಾದ ಸಿರಿ ಅದೇ. ತುದಿಯಲ್ಲಿ ಗಾಳಿ, ಹುಲ್ಲು, ಆಚೆಗೆ ವಯನಾಡು.

ಸಿಂಗಳೀಕ ನೋಡಿದೆವು ಎನ್ನುವ ಎಷ್ಟೋ ಮಂದಿ ನೋಡಿರುವುದು ಕರಿಮುಸುವವನ್ನು. ಎರಡೂ ಕಪ್ಪು. ಮುಖಕ್ಕಿಂತ ಮೊದಲು ಬಾಲ ನೋಡಿ. ಸಿಂಗಳೀಕದ ಬಾಲ ಗಿಡ್ಡ, ತುದಿಯಲ್ಲಿ ಕುಚ್ಚು; ಕರಿಮುಸುವದ್ದು ಮೈಗಿಂತಲೂ ಉದ್ದ, ಕುಚ್ಚಿಲ್ಲ. ಆಮೇಲೆ ತಲೆ: ಸಿಂಗಳೀಕಕ್ಕೆ ಮುಖದ ಸುತ್ತ ಬೂದುಬಿಳಿ ಕೇಸರ, ಕರಿಮುಸುವಕ್ಕೆ ಹೊಂಬಣ್ಣ ಬೆರೆತ ಕಂದು ಕೂದಲು. ‘ಹೂ ಹೂ’ ಎಂಬ ಗಡಸು ದನಿ ಕಣಿವೆಯನ್ನೇ ತುಂಬಿದರೆ ಸಾಮಾನ್ಯವಾಗಿ ಕರಿಮುಸುವದ್ದೇ. ಸಿಂಗಳೀಕದ ಗುಂಪು ಕೊಂಬೆಯಿಂದ ಕೊಂಬೆಗೇ ಸಾಗುತ್ತದೆ, ನೆಲಕ್ಕೆ ಇಳಿಯುವುದು ಅಪರೂಪ. ಹಾಗಾಗಿ ನೆತ್ತಿ ನೆತ್ತಿ ಕೂಡಿಕೊಂಡ ಮರಗಳು ಬೇಕೇ ಬೇಕು. ನಡುವೆ ಅಗಲ ರಸ್ತೆ ಬಂದರೆ ಗುಂಪು ಆಚೆಗೆ ದಾಟುವುದು ಕಷ್ಟ. ಹೆಬ್ಬಲಸು, ಅತ್ತಿ ಹಣ್ಣಾಗಿರುವ ಮರದ ಬುಡದಲ್ಲಿ ಕಡಿದು ಬಿಸಾಡಿದ ತುಣುಕು ಹಸಿಯಾಗಿದ್ದರೆ ಅಲ್ಲೇ ಅರ್ಧ ಗಂಟೆ ಕೂರಿ. ಬಿಸ್ಕತ್ತು ಮಾತ್ರ ತೋರಿಸಬೇಡಿ. ಒಮ್ಮೆ ರುಚಿ ಹತ್ತಿತೆಂದರೆ ರಸ್ತೆಗಿಳಿದು ಗಾಡಿಗೆ ಸಿಗುತ್ತವೆ.

ಆಕಾಶದ ಎದುರಿಗೆ ಕಪ್ಪು ಪ್ರಾಣಿಯ ಫೋಟೊ ತೆಗೆದರೆ ಬರೀ ಮಸಿಯ ಮುದ್ದೆ ಬರುತ್ತದೆ. ಎಕ್ಸ್‌ಪೋಷರ್ ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ. ನೋಡುವುದಕ್ಕಷ್ಟೇ ಆದರೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42 ದುರ್ಬೀನು ಸಾಕು, ಹತ್ತು ಪಟ್ಟಿನದು ಏದುಸಿರಿನ ಕೈಯಲ್ಲಿ ನಿಲ್ಲುವುದಿಲ್ಲ.

ಹಕ್ಕಿಗೆ ಕಿವಿಯೇ ದಾರಿ. ದೊಡ್ಡ ದಾಸಮಂಗಟ್ಟೆ ಕಾಣುವ ಮೊದಲೇ ರೆಕ್ಕೆಯ ‘ಗುಸ್ ಗುಸ್’ ಕೇಳುತ್ತದೆ. ಗರಿಗಳ ಬುಡಕ್ಕೆ ಕೆಳಗಡೆ ಹೊದಿಕೆ ಇಲ್ಲದ್ದರಿಂದ ಗಾಳಿ ನುಗ್ಗಿ ಬರುವ ಸದ್ದು ಅದು. ಮುಂದಿನ ತಿಂಗಳುಗಳಲ್ಲಿ ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನೇ ಮುಚ್ಚಿಕೊಂಡು ಮೊಟ್ಟೆ ಇಡುತ್ತದೆ, ಗಂಡು ಹಣ್ಣು ತಂದು ಸೀಳಿಕಿಂಡಿಯಲ್ಲಿ ಉಣಿಸಬೇಕು. ಪೊಟರೆಯ ಕೆಳಗೆ ಜನ ನಿಂತರೆ ಗಂಡು ಹತ್ತಿರ ಬರುವುದಿಲ್ಲ, ಒಳಗಿನವು ಉಪವಾಸ. ಗೂಡು ಗೊತ್ತಾದರೆ ಯಾರಿಗೂ ಜಾಗ ಹೇಳದಿರುವುದೇ ಒಳ್ಳೆಯದು. ಕಾಕರಣೆ ಹಕ್ಕಿಯದು (ಮಲಬಾರ್ ಟ್ರೋಗನ್) ಬೇರೆಯೇ ವರಸೆ: ಬೆನ್ನು ತಿರುಗಿಸಿ ಕಂದು ಎಲೆಯ ಹಾಗೆ ಅಲುಗದೆ ಕೂರುತ್ತದೆ, ಗಂಡಿನ ಕೆಂಪು ಹೊಟ್ಟೆ ಆಚೆಗೆ ಮುಖ ಮಾಡಿರುತ್ತದೆ.

ಇನ್ನು ಹೋಗುವ ವಿಚಾರ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿ, ಗೈಡ್ ಇಲ್ಲದೆ ಹೊರಡಬೇಡಿ. ಮಳೆಗಾಲದಲ್ಲೂ ಬೇಸಿಗೆಯ ಕಾಡ್ಗಿಚ್ಚಿನ ದಿನಗಳಲ್ಲೂ ಹಾದಿ ಮುಚ್ಚುವುದುಂಟು. ಅಕ್ಟೋಬರಿನಿಂದ ಜನವರಿ ಸರಿಯಾದ ಕಾಲ. ಮಳೆ ಬಂದು ಹೋಗಿದ್ದರೆ ಕಾಲುಚೀಲಕ್ಕೆ ಹೊಗೆಸೊಪ್ಪಿನ ಪುಡಿ ಉಜ್ಜಿ. ಜಿಗಣೆ ಕಚ್ಚಿದರೆ ಎಳೆಯಬೇಡಿ, ಬಾಯಿಯ ಅಂಚಿಗೆ ಉಗುರು ತೂರಿಸಿ ಬಿಡಿಸಿ. ಹಾದಿಯಲ್ಲಿ ಆನೆಯ ಲದ್ದಿ ಬಿಸಿಯಾಗಿದ್ದು ಗೈಡ್ ‘ವಾಪಸ್’ ಅಂದರೆ ವಾಪಸ್, ಚರ್ಚೆ ಕೆಳಗಿಳಿದ ಮೇಲೆ.